ಎತೆರಿಯ ಮೂಗು

ದ್ರಾಕ್ಷಿ ತುಳಿದು ಹನ್ನೆರಡು ದಿನವಾಗಿತ್ತು. ಎತೆರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಕಾಳು ಬೇಯಲಿಟ್ಟು ಉಗ್ರಾಣಕ್ಕೆ ಓಡುವಳು. ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಐದು ಗುಡಾಣಗಳ ಮೇಲೆ ಒಂದೊಂದಾಗಿ ಬಗ್ಗುವಳು. ರಸದ ಮೇಲೆ ತೇಲಿದ ಸಿಪ್ಪೆಯನ್ನು ಕೋಲಿನಿಂದ ಕೆಳಕ್ಕೆ ಒತ್ತಿ ವಾಪಸು ಬರುವಳು. ಬಂದು ಐದು ನಿಮಿಷವಾಗಿರದು, ಮತ್ತೆ ಹೊರಡುವಳು.

ಆ ಮನೆಯ ವೈನಿಗೆ ಸ್ವಂತ ತೋಟದ ದ್ರಾಕ್ಷಿ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಸಕ್ಕರೆ ಇಲ್ಲ, ಅಂಗಡಿಯ ಹುದುಗು ಇಲ್ಲ. ಹದವಾಗುತ್ತಿದೆಯೋ ಕೆಡುತ್ತಿದೆಯೋ ಎಂದು ಮೂಗೇ ಮೂಸಿ ಕಾಯಬೇಕು. ಮೂವತ್ತು ವರ್ಷದಿಂದ ಆ ಮೂಗು ಎತೆರಿಯದು. ದ್ರಾಕ್ಷಿ ಸೀಮೆಯಾದ ಕಖೇತಿಯ ಅಷ್ಟೂ ಊರುಗಳಲ್ಲಿ ಅದಕ್ಕೆ ಹೆಸರಿತ್ತು. ಆಗಸ್ಟಿನಲ್ಲಿ ಬಂದ ಜ್ವರ ಇಳಿದಾಗ ಮೂಗು ಸತ್ತೇಹೋಗಿತ್ತು. ಗಂಡ ಓತಾರ್‌ಗೂ ಅವಳು ಹೇಳಿರಲಿಲ್ಲ. ನಾಲಿಗೆಗೆ ಹುಳಿ ತಿಳಿಯುತ್ತಿತ್ತು, ಯಾವ ಹುಳಿ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಅಂದು ಮಧ್ಯಾಹ್ನ ಪಕ್ಕದ ಬೀದಿಯ ಗುರಾಮ್ ಬಂದ. ಈಸ್ಟರ್ ಕಳೆದ ಮೇಲೆ ಅವನ ಮಗಳ ಮದುವೆ.

"ಅಕ್ಕಾ, ಒಂದು ಗುಡಾಣ ನನಗೇ ಅಂತ ತೆಗೆದಿಟ್ಟುಬಿಡು. ಯಾವುದು ಅಂತ ನೀನೇ ಹೇಳು."

ಎತೆರಿ ಸೋರೆ ಬುರುಡೆಯಲ್ಲಿ ಮೂರನೆಯದರಿಂದ ತುಂಬಿಕೊಟ್ಟಳು. ಗುರಾಮ್ ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡ.

"ಚಳಿ ಬಿದ್ದ ಮೇಲೆ ಸರಿಹೋಗುತ್ತೆ ಬಿಡಕ್ಕಾ."

ಎತೆರಿ ಬುರುಡೆಯನ್ನು ವಾಪಸು ತೆಗೆದುಕೊಂಡಳು. "ಸರಿಹೋಗೋಕೆ ಅದಕ್ಕೇನಾಗಿದೆ?"

ಬ್ರೆಡ್ಡು, ಚೀಸು ಹಿಡಿದು ಬಂದ ಸೊಸೆ ನೆಸ್ತಾನ್ ಬಾಗಿಲಲ್ಲೇ ನಿಂತಳು. "ಅತ್ತೆ, ಅದನ್ನ ಕೊಡಬೇಡಿ. ವಿನೆಗರ್ ಆಗ್ತಿದೆ. ನಾಲ್ಕು ದಿನದಿಂದ ಬಾಗಿಲಿಗೇ ಬಡೀತಿದೆ ವಾಸನೆ."

"ನಾಲ್ಕು ದಿನದಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?"

"ನಿಮ್ಮ ಮೂಗಿಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ. ನಾನು ಬಾಯಿ ಬಿಟ್ರೆ, ಸಮುದ್ರದ ಮೀನಿಗೆ ದ್ರಾಕ್ಷಿ ಏನು ಗೊತ್ತು ಅಂತೀರಿ."

ನೆಸ್ತಾನ್ ಬತೂಮಿಯ ಕಡಲ ತೀರದವಳು. ಮದುವೆಯಾಗಿ ಆರು ವರ್ಷವಾದರೂ ಎತೆರಿ ಅವಳನ್ನು ಗುಡಾಣದ ಹತ್ತಿರ ಸೇರಿಸಿರಲಿಲ್ಲ. ಗುರಾಮ್ ಟೋಪಿ ಕೈಗೆತ್ತಿಕೊಂಡು, ಕೆಲಸವಿದೆ ಎಂದು ಗೊಣಗಿ ಜಾರಿಕೊಂಡ.

ಎತೆರಿ ಕಲ್ಲಿನ ಮೇಲೆ ಕುಸಿದಳು. "ನನಗೆ ವಾಸನೆ ಬರಲ್ಲ ಕಣೆ. ಆಗಸ್ಟಿಂದ. ಏನೂ ಬರಲ್ಲ."

ನೆಸ್ತಾನ್ ಬ್ರೆಡ್ಡು, ಚೀಸು ಕೆಳಗಿಟ್ಟಳು. "ಅದಕ್ಕೇನಾ ಮೊನ್ನೆ ಸೀದುಹೋದ ಕಾಳು ಬಡಿಸಿದ್ದು? ಮಾವ ಉಸಿರೆತ್ತದೆ ತಿಂದ್ರು."

ಎತೆರಿಗೆ ನಗು ಬಂತು, ಅದರ ಹಿಂದೆಯೇ ಅಳು. ಕಪ್ಪು ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು ಎದ್ದಳು.

ಸಂಜೆಯೊಳಗೆ ಓತಾರ್‌ನನ್ನೂ ಕರೆದು ಮೂರನೆಯ ಗುಡಾಣ ಖಾಲಿ ಮಾಡಿದರು. ಅವನು ಬಕೆಟ್ ಎತ್ತಿ ಕೊಡುತ್ತ ಹೋದ. ಹುಳಿಯಾದದ್ದು ಉಪ್ಪಿನಕಾಯಿಯ ಪೀಪಾಯಿಗೆ ಹೋಯಿತು. ನೆಸ್ತಾನ್ ಗುಡಾಣದೊಳಗೆ ಇಳಿದು, ಚೆರ್ರಿ ತೊಗಟೆಯ ಕುಂಚದಿಂದ ಉಜ್ಜಿ ಸುಣ್ಣದ ನೀರಿನಲ್ಲಿ ತೊಳೆದಳು. ಆಮೇಲೆ ಉಳಿದ ನಾಲ್ಕರ ಮೇಲೂ ಎತೆರಿ ಅವಳನ್ನು ಬಗ್ಗಿಸಿದಳು.

"ಏನು ವಾಸನೆ?"

"ಸೇಬು."

"ಕೊಳೆತದ್ದೋ, ಈಗ ಕೊಯ್ದದ್ದೋ?"

"ಕೊಯ್ದದ್ದು. ಜೊತೆಗೆ ಒಣ ಹುಲ್ಲು... ಗೊತ್ತಿಲ್ಲ ಅತ್ತೆ, ನನಗೆ ಹೇಳೋಕೆ ಬರಲ್ಲ."

"ಬರುತ್ತೆ. ಮೂಸು."

ಮರುದಿನ ಎತೆರಿಯೇ ಗುರಾಮ್‌ನ ಮನೆಗೆ ಹೋಗಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಊರಿಗೆಲ್ಲ ಸುದ್ದಿಯಾಗುವುದೆಂದು ಅವಳಿಗೆ ಗೊತ್ತಿತ್ತು, ಆಯಿತು ಕೂಡ. ಗುರಾಮ್ ಐದನೆಯ ಗುಡಾಣ ಆರಿಸಿಕೊಂಡ. "ಸೊಸೆ ಒಪ್ಪಿದ್ರೆ ಸಾಕು," ಎಂದ. ಅದು ಎತೆರಿಗೆ ಮುಳ್ಳಿನಂತೆ ಚುಚ್ಚಿತು, ಆದರೂ ನುಂಗಿಕೊಂಡಳು.

ಮೂಗು ಮರಳಲಿಲ್ಲ. ನೆಮ್ಮದಿಯೂ ಬರಲಿಲ್ಲ, ಈಗ ಇನ್ನೊಬ್ಬರ ಮೂಗನ್ನು ನಂಬಿ ಬದುಕಬೇಕು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸೊಸೆಯನ್ನು ಉಗ್ರಾಣದಿಂದ ಕೂಗಿದಳು.

"ನೆಸ್ತಾನ್, ಒಂದ್ಸಲ ಬಾ ಇಲ್ಲಿ."

"ಈಗಷ್ಟೇ ಬಂದಿದ್ನಲ್ಲ ಅತ್ತೆ!"

"ಬಾ ಅಂದ್ರೆ ಬಾ."