ಹಿಡಿ ಮಣ್ಣಿನ ಪಾಲು

ಒದ್ದೆ ಮಣ್ಣಿನ ವಾಸನೆ, ಲ್ಯಾಬಿನ ಗಾಜಿನ ತಟ್ಟೆಯ ಮುಚ್ಚಳ ಸರಿಸಿದಾಗಲೆಲ್ಲ ಇದೇ ವಾಸನೆ, ಮೂಗಿಗೆ ಬಡಿದ ಕೂಡಲೇ ಅವಳಿಗೆ ಅಣ್ಣನ ಮುಷ್ಟಿ ಕಾಣುತ್ತದೆ, ಬೆರಳ ಸಂದಿಯಿಂದ ಮಣ್ಣು ಉದುರುವ ಮುಷ್ಟಿ — ತಗೋ, ಈ ಮನೇಲಿ ನಿನ್ನ ಪಾಲು ಇಷ್ಟೇ, ಅಂದಿದ್ದ, ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ನಕ್ಕಿದ್ದಳು, ಮನೆ ಕೊಳ್ಳಲು ಬಂದವನೂ ನಕ್ಕಿದ್ದ, ಇವಳು ನಗಲಿಲ್ಲ, ಊಟದ ಡಬ್ಬಿ ತೆರೆದು ಒಡ್ಡಿದಳು, ಹಾಕು ಅಂದಳು, ಹಾಕಿದ. ಆ ಮಣ್ಣೇ ಈಗ ಅವನ ಬಾಯಿಗೆ ಬೀಳಬೇಕು, ಇವತ್ತೇ ಬೀಳಬೇಕು, ಕೆಳಗೆ ಸಂಸ್ಥೆಯ ನಿರ್ದೇಶಕರ ಕೋಣೆಯಲ್ಲಿ ಬಂದು ಕೂತಿದ್ದಾನಂತೆ, ಕೂತಿರಲಿ, ಕಾಯುವುದೆಂದರೆ ಏನೆಂದು ಅವನಿಗೂ ಗೊತ್ತಾಗಲಿ — ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾಳೆ, ಮಬ್ಬಾಗಿ ಹರಡಿದ ರೋಗಾಣುಗಳ ನಡುವೆ ಬೂದುಬಣ್ಣದ ಬೊಟ್ಟು, ಸುತ್ತ ತಿಳಿಯಾದ ಬಳೆ, ಒಂದು ರೋಗಾಣುವೂ ಹತ್ತಿರ ಸುಳಿದಿಲ್ಲ, ಮುದ್ದು, ನನ್ನ ಮುದ್ದು. ಡಬ್ಬಿಯ ಮಣ್ಣಿನಿಂದ ಹೆಕ್ಕಿದ ಈ ಬ್ಯಾಕ್ಟೀರಿಯಾ ಮೊದಮೊದಲು ಎಲ್ಲರಿಗೂ ಗೊತ್ತಿರುವ ಹಳೇ ಔಷಧಿಯನ್ನೇ ಸುರಿಯುತ್ತಿತ್ತು, ಅದರ ಅಬ್ಬರದಲ್ಲಿ ಬೇರೇನಿದ್ದರೂ ಕಾಣುವಂತಿರಲಿಲ್ಲ, ಆ ಔಷಧಿಯ ಜೀನಿಗೆ ಅವಳೇ ಅಣ್ಣ ಅಂತ ಹೆಸರಿಟ್ಟಳು, ಇಡೀ ಲ್ಯಾಬು ಹಾಗೇ ಕರೆಯಿತು, ಅಣ್ಣ ಹೋದನಾ ಮೇಡಂ, ಇಲ್ಲ ಕಣೇ, ಇನ್ನೂ ಕಚ್ಕೊಂಡು ಕೂತಿದಾನೆ, ಕೊನೆಗೊಮ್ಮೆ ಜೀನು ತುಂಡರಿಸುವ ಕತ್ತರಿ ಸರಿಯಾದ ಜಾಗಕ್ಕೆ ಬಿತ್ತು, ಅಣ್ಣನ ಬಾಯಿ ಬಂದ್ ಆಯಿತು, ಹಾಯೆನಿಸಿತು, ಆಮೇಲೆ ನೋಡಿದರೆ ಮೂಲೆಯಲ್ಲಿದ್ದ ಇನ್ನೊಂದು ಜೀನಿನ ಕೆಲಸ ಕಣ್ಣಿಗೆ ಬಿತ್ತು, ಯಾರೂ ಕಂಡಿರದ ಹೊಸ ಔಷಧಿ.

ಮಣ್ಣು ಯಾರದ್ದು ಅನ್ನೋದು ಇತ್ಯರ್ಥ ಆಗ್ದೆ ಈ ಔಷಧಿನ ಹೊರಗೆ ಬಿಡೋ ಹಾಗಿಲ್ಲಮ್ಮ, ನಿಮ್ಮಣ್ಣನ್ನ ಕರೆಸಿ, ನಿರ್ದೇಶಕರು ಹೇಳಿದ್ದರು, ಕರೆಸಿದಳು, ಮೆಟ್ಟಿಲಿಳಿಯುತ್ತ ಮಾತು ಮಸೆಯುತ್ತಾಳೆ — ನನ್ನದೇ ಮಣ್ಣು ಅಂದನೋ, ಹಾಗಾದರೆ ನನಗೇನು ಕೊಟ್ಟೆ ಅಂತ ಕೇಳುತ್ತೇನೆ, ಅವಳದ್ದು ಅಂದನೋ, ಅಷ್ಟು ದೊಡ್ಡ ಮನೆಯಲ್ಲಿ ಇಷ್ಟೇನಾ ಅಂತ ಕೇಳುತ್ತೇನೆ, ಎತ್ತ ಹೊರಳಿದರೂ ಮಣ್ಣು ಮುಕ್ಕಬೇಕು, ಇವರೆಲ್ಲರ ಎದುರಿಗೇ ಮುಕ್ಕಬೇಕು, ಅವನ ಮುಖ ನೋಡಬೇಕು ನಾನು.

ಬಾಗಿಲು ತಳ್ಳುತ್ತಾಳೆ, ಅಣ್ಣ, ತಲೆ ಪೂರ್ತಿ ಬೆಳ್ಳಗಾಗಿದೆ, ಬಾ ಪುಟ್ಟೀ, ಎಷ್ಟು ಸೊರಗಿದೀಯ, ಹಾಳಾಗಿ ಹೋಗಲಿ ಇವನ ಪುಟ್ಟಿ, ನಿರ್ದೇಶಕರು ಕೇಳುತ್ತಿದ್ದಾರೆ, ಆ ಮಣ್ಣು ನೀವೇ ಕೊಟ್ಟಿದ್ದಾ, ಯಾವ ಮಣ್ಣು ಸರ್, ಮನೆ ಮಾರಿದ ದಿನ ಹಿತ್ತಲಲ್ಲಿ ಕೊಟ್ಯಲ್ಲ, ಇವಳೇ ಅಂದಳು, ನಿನ್ನ ಪಾಲು ಇಷ್ಟೇ ಅಂತ. ಅಣ್ಣ ಹುಬ್ಬು ಗಂಟಿಕ್ಕಿ ಯೋಚಿಸುತ್ತಾನೆ, ನಾಟಕವಲ್ಲ, ಅವನ ನಾಟಕ ಅವಳಿಗೆ ಗೊತ್ತು, ನಿಜವಾಗಿಯೂ ಹುಡುಕುತ್ತಿದ್ದಾನೆ, ನೆನಪಿಲ್ವಲ್ಲೇ, ತಮಾಷೆಗೆ ಅಂದಿರ್ಬೇಕು, ಅವಳದ್ದೇ ಅಂತ ಬರ್ಕೊಳ್ಳಿ ಸರ್, ಹಿಡಿ ಮಣ್ಣು ತಾನೇ — ಆಯ್ತಲ್ಲಮ್ಮ, ಗೆದ್ರಿ, ನಿರ್ದೇಶಕರು ನಕ್ಕರು, ಗೆದ್ದಳು, ಆಯ್ತು, ಕೇಳಬೇಕೆಂದಿದ್ದದ್ದು ಏನು, ಎತ್ತ ಹೊರಳಿದರೂ, ಇಷ್ಟು ವರ್ಷ ಆ ಮಾತನ್ನು ಇವಳೊಬ್ಬಳೇ ಹೊತ್ತು ತಿರುಗಿದ್ದು, ಅವನ ಕೈ ಮೇಜಿನ ಮೇಲಿದೆ, ಚೊಕ್ಕವಾಗಿ ತೊಳೆದ ಕೈ, ಉಗುರಿನ ಸಂದಿಯಲ್ಲೂ ಏನಿಲ್ಲ, ಬಿಚ್ಚಿದ ಮುಷ್ಟಿ, ಏನೂ ಇಲ್ಲ, ಬಿಚ್ಚಿದ ಮುಷ್ಟಿ —