ನಿಮ್ಮ ಪುಟ ನೋಡಿದವರು

ಲಿಫ್ಟ್ ರಿಪೇರಿ ಮಾಡುವವನಿಗೆ ನಗುಮುಖದ ಫೋಟೊ ಯಾಕೆ ಬೇಕು ಎಂದು ನೀವು ಕೇಳಬಹುದು. ಮೆಕ್ಯಾನಿಕ್ ಕೂಡ ಅದನ್ನೇ ಕೇಳಿದ. ಆದರೆ ಮೇಲಿನ ಮನೆಯ ಬಾಡಿಗೆಯವನು ಬಿಡಬೇಕಲ್ಲ! ಅವನಿಗೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸ. ಅದಕ್ಕೇ ಕಟ್ಟಡದವರೆಲ್ಲ ಅವನನ್ನು ಬಯೋಡೇಟಾ ಎಂದೇ ಕರೆಯುತ್ತಿದ್ದರು.

"ಅಂಕಲ್, ಈ ಫೋಟೊದಲ್ಲಿ ಪೊಲೀಸರು ಹಿಡಕೊಂಡು ಬಂದು ನಿಲ್ಲಿಸಿದ ಹಾಗಿದೀರಿ. ಸ್ವಲ್ಪ ನಗಿ."

"ನಗೋಕೆ ಏನಿದೆಯಪ್ಪ?"

"ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಮೊಣಕಾಲುಗಳು ಸವೆದುಹೋಗಿದ್ದವು. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದರೆ ಹತ್ತಿಬರಲು ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಹೊಸಬರಿಗೆ ಈ ಕಸುಬು ಕಲಿಸುವ ತರಬೇತಿ ಕೇಂದ್ರದಲ್ಲಿ ಒಂದು ಜಾಗ ಖಾಲಿಯಿತ್ತು. ಆದರೆ ಅಲ್ಲಿಯವರು ಮನುಷ್ಯನನ್ನು ನೋಡುವ ಮೊದಲು ಉದ್ಯೋಗದ ಜಾಲತಾಣದಲ್ಲಿ ಅವನ ಪುಟ ನೋಡುತ್ತಾರಂತೆ. ಕಾಲಕ್ಕೆ ತಕ್ಕ ಕೋಲ.

ಆ ಪುಟವನ್ನು ಹಿಂದೆ ತೆರೆದುಕೊಟ್ಟವಳು ಮಗಳು. ಅವಳೂ ಅದೇ ಕಸುಬಿನವಳು, ದೊಡ್ಡ ಕಂಪನಿಯೊಂದರಲ್ಲಿ ಲಿಫ್ಟುಗಳ ನಕ್ಷೆ ಮಾಡುತ್ತಾಳೆ. ನೂಲಿನಂತೆ ಸೀರೆ ಎನ್ನುವ ಮಾತು ತಾಯಿ ಮಗಳಿಗೆ ಸೇರಿದ್ದು, ಇವಳು ಮಾತ್ರ ಅಪ್ಪನನ್ನೇ ಹೋಲಿದ್ದಳು. ಹಟದಲ್ಲಂತೂ ಒಂದು ಕೈ ಮೇಲೆ.

ಆ ಹಟವೇ ಇಬ್ಬರಿಗೂ ಮುಳುವಾಯಿತು. ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವ ಹೊತ್ತಿಗೆ ಅವನು ಊರಾಚೆಯ ಕಟ್ಟಡವೊಂದರಲ್ಲಿ, ಕೆಟ್ಟುನಿಂತ ಲಿಫ್ಟಿನಿಂದ ಜನರನ್ನು ಇಳಿಸುತ್ತಿದ್ದ. "ಈಗ ಬಂದೆ" ಎಂದು ಹೇಳಿ ಹೋಗಿದ್ದವನು. "ಅಮ್ಮ ಬಾಗಿಲು ನೋಡ್ತಾನೇ ಹೋದಳು" ಎಂದಳು ಮಗಳು. "ಒಳಗೆ ಸಿಕ್ಕಿಕೊಂಡವರೂ ಯಾರಿಗೋ ಅಮ್ಮಂದಿರೇ" ಎಂದ ಇವನು. ನಿಜವಿರಬಹುದು, ಆದರೆ ನಿಜವನ್ನೆಲ್ಲ ಹೆಣದ ಮುಂದೆ ನಿಂತು ಆಡಬೇಕೆಂದಿಲ್ಲ. ಮಗಳು ಬೇರೆ ಊರು ಸೇರಿದಳು, ನಂಬರು ಬದಲಿಸಿದಳು, ನೆಂಟರನ್ನೂ ದೂರವಿಟ್ಟಳು.

ಅವನಿಗೆ ಉಳಿದದ್ದು ಅದೇ ಜಾಲತಾಣದಲ್ಲಿದ್ದ ಅವಳ ಪುಟವೊಂದೇ. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಅದನ್ನು ತೆರೆಯುತ್ತಿದ್ದ. ಹೆಲ್ಮೆಟ್ ಹಾಕಿದ ಮುಖ, ಕಿವಿಯ ಹಿಂದೆ ಪೆನ್ಸಿಲು. ಬಡ್ತಿ ಸಿಕ್ಕಿತೇ, ಹೊಸ ಫೋಟೊ ಹಾಕಿದ್ದಾಳೆಯೇ, ಸೊರಗಿದ್ದಾಳೆಯೇ ಎಂದು ನೋಡಿ ಮುಚ್ಚುತ್ತಿದ್ದ. ಒಂದು ಸಾಲು ಬರೆಯುವ ಧೈರ್ಯ ಬರಲಿಲ್ಲ. ಆ ಭಾನುವಾರದ ಆಸೆಯಿಂದಲೇ ಉಳಿದ ವಾರವನ್ನು ದೂಡುತ್ತಿದ್ದ.

ಬಯೋಡೇಟಾ ಪುಟವನ್ನು ತಿದ್ದುತ್ತಾ ಹೋದ. 'ಲಿಫ್ಟ್ ರಿಪೇರಿ' ಇದ್ದ ಕಡೆ 'ಲಂಬ ಸಾರಿಗೆ ಸುರಕ್ಷತಾ ತಜ್ಞ' ಎಂದು ಬರೆದ.

"ಯಾರಯ್ಯ ಇವನು?"

"ನೀವೇ ಅಂಕಲ್. ಇನ್ನೊಂದು ವಿಷಯ. ನೀವು ಯಾರ ಪುಟ ನೋಡಿದ್ರೂ ಅವರಿಗೆ ಗೊತ್ತಾಗುತ್ತೆ, ನಿಮ್ಮ ಹೆಸರು ಫೋಟೊ ಸಮೇತ. ಕೆಲಸ ಹುಡುಕೋವಾಗ ಅದು ಒಳ್ಳೇದಲ್ಲ. ಈಗಿನ ಕಂಪನಿಯವರಿಗೆ ವಾಸನೆ ಬಡಿಯುತ್ತೆ."

"ಹಿಂದೆ ನೋಡಿದ್ದೂ ಗೊತ್ತಾಗಿರುತ್ತಾ?"

"ಪ್ರತಿ ಸಲವೂ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ವಾರವಾರವೂ ತನ್ನ ಗಂಟುಮೋರೆ ಕಂಡು ಮಗಳು ಹಲ್ಲು ಕಡಿದಿರಬೇಕು ಎಂದುಕೊಂಡ. ನಾಚಿಕೆಯಾಯಿತು. ಒಳ್ಳೆಯ ಮೆಕ್ಯಾನಿಕ್ ಬಂದುಹೋದದ್ದು ಕಟ್ಟಡದವರಿಗೆ ತಿಳಿಯಬಾರದು ಎಂದು ಗುರುವಿನಿಂದ ಕಲಿತವನು ಅವನು. ಮಗಳ ವಿಷಯದಲ್ಲೂ ಅದೇ ಸರಿಯೆನಿಸಿತು.

"ಮುಚ್ಚಿಬಿಡಪ್ಪ" ಎಂದ. "ನಾನು ನೋಡೋದು ಯಾರಿಗೂ ಕಾಣಬಾರದು."

ಬಯೋಡೇಟಾ ಏನೋ ಒತ್ತಿದ, ಅಷ್ಟೇ. ಅಂದಿನಿಂದ ಮೆಕ್ಯಾನಿಕ್‌ಗೆ ಹಬ್ಬ. ಭಾನುವಾರದವರೆಗೆ ಕಾಯಬೇಕಾಗಿರಲಿಲ್ಲ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಮನಸ್ಸು ಬಂದಾಗಲೆಲ್ಲ ಮಗಳ ಮುಖ ನೋಡಿದ. ಕೆಲವು ತಿಂಗಳಲ್ಲಿ ತರಬೇತಿ ಕೇಂದ್ರದ ಕೆಲಸವೂ ಸಿಕ್ಕಿತು. ಗುರುತು ಪರಿಚಯವಿಲ್ಲದವರೆಲ್ಲ ಅವನ ಪುಟಕ್ಕೆ ಬಂದು ಅಭಿನಂದಿಸಿದರು.

ಹಳೆಯ ಕಚೇರಿಗೆ ಕೀಲಿಗಳನ್ನು ಹಿಂತಿರುಗಿಸಲು ಹೋದಾಗ, ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವ ಹೆಂಗಸು ಅವನನ್ನು ಕರೆದು ಕೂರಿಸಿದಳು.

"ಒಳ್ಳೇ ಹೊತ್ತಿಗೆ ಬಂದ್ರಿ. ನಿನ್ನೆ ನಿಮ್ಮ ಮಗಳು ಫೋನ್ ಮಾಡಿದ್ರು. ನಿಮಗೇನಾದ್ರೂ ಆಯ್ತಾ ಅಂತ ಕೇಳಿದ್ರು, ಪಾಪ. 'ಅಪ್ಪ ಪ್ರತಿ ಭಾನುವಾರ ಬರ್ತಿದ್ರು, ಈಗ ಬರ್ತಾನೇ ಇಲ್ಲ' ಅಂದ್ರು. ನೀವು ವಾರವಾರ ಮಗಳ ಮನೆಗೆ ಹೋಗ್ತಿದ್ರಿ ಅಂತ ನಮಗೆ ಗೊತ್ತೇ ಇರಲಿಲ್ಲ ನೋಡಿ!"

"ನೀವೇನಂದ್ರಿ?"

"ಗುಂಡುಕಲ್ಲಿನ ಹಾಗಿದಾರೆ, ಹೊಸ ಕೆಲಸ ಸಿಕ್ಕಿದೆ, ಮುಖದಲ್ಲಿ ಕಳೆ ಬಂದಿದೆ ಅಂದೆ. 'ಹಾಗಾದ್ರೆ ಬೇಕಂತಲೇ ಬರೋದು ಬಿಟ್ಟಿದಾರೆ' ಅಂದ್ರು. ತಾನು ಕಾಯ್ತಿದ್ದದ್ದನ್ನ ಹೇಳಬೇಡಿ ಅಂದಿದ್ರು, ನನ್ನ ಬಾಯಿ ಕೇಳಬೇಕಲ್ಲ!"

ಅವನು ಮೊಬೈಲು ತೆಗೆದು ಮಗಳ ಪುಟಕ್ಕೆ ಹೋದ. ಈ ಪುಟ ನಿಮಗೆ ಲಭ್ಯವಿಲ್ಲ ಎಂದು ಬಂತು. ಮತ್ತೆ ಒತ್ತಿದ, ಮತ್ತೆ ಅದೇ; ಮಗಳು ಅವನ ಪಾಲಿಗೆ ಪುಟ ಮುಚ್ಚಿದ್ದಳು. ಅವಳ ಕಂಪನಿಯ ಹೆಸರು ಬಾಯಿಪಾಠವಾಗಿತ್ತು. ಮೇಜಿನ ಹೆಂಗಸು ನಂಬರು ಹುಡುಕಿ, ಯಾರ್ಯಾರನ್ನೋ ದಾಟಿ, ಕೊನೆಗೆ ಮಗಳನ್ನು ಹಿಡಿದು ಫೋನು ಅವನ ಕೈಗಿತ್ತಳು.

"ಪುಟ್ಟಿ, ನಾನು."

ಫೋನನ್ನು ಕಿವಿಗೆ ಒತ್ತಿಹಿಡಿದು ಅವನೇ ಮುಂದುವರಿಸಿದ.

"ನಾನು ನೋಡ್ತಾನೇ ಇದ್ದೆ ಕಣೇ. ಒಂದು ವಾರಾನೂ ಬಿಟ್ಟಿಲ್ಲ. ನಿನಗೆ ತೊಂದರೆ ಬೇಡ ಅಂತ, ಕಾಣದ ಹಾಗೆ..."

"ಕಾಣದ ಹಾಗೆ ನೋಡಿದ್ರೆ ನನಗೆ ಹೇಗಪ್ಪ ಗೊತ್ತಾಗಬೇಕು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಅಮ್ಮನ ಮೇಲೂ ನಿನಗೆ ಪ್ರಾಣ ಇತ್ತು. ಅವಳಿಗೂ ಅದು ಗೊತ್ತಾಗದೇ ಹೋಯ್ತು."

ಫೋನು ಇಟ್ಟಳು.

"ಏನಂತೆ ಮಗಳು?" ಎಂದಳು ಮೇಜಿನ ಹೆಂಗಸು.

"ಸರಿಯಾಗೇ ಹೇಳಿದಳಮ್ಮ" ಎಂದ ಅವನು. ಹೆಂಡತಿ ಹೋದ ದಿನ ಬಾರದ ಅಳು ಆಗ ಬಂತು. ಒಳಗೆ ಹೊರಗೆ ಓಡಾಡುತ್ತಿದ್ದವರೆಲ್ಲ ನಿಂತು ನೋಡುತ್ತಿದ್ದರೂ ಅವನು ಮುಖ ಮುಚ್ಚಿಕೊಳ್ಳಲಿಲ್ಲ.