ಆಯ್ತು ಟೈಲರಿಗೊಂದು ವಾಚು

ಲಕ್ವ ಹೊಡೆದು ಬಲಗೈ ಬಲಗಾಲಿನ ಜೊತೆ ಮಾತೂ ಬಿದ್ದುಹೋದಾಗ ಟೈಲರನ ನಾಲಿಗೆಯ ಮೇಲೆ ಉಳಿದದ್ದು ಒಂದೇ ಪದ: ‘ಆಯ್ತು’. ಉಳಿಸುವುದೇ ಆಗಿದ್ದರೆ ದೇವರಿಗೆ ಬೇರೊಂದು ಒಳ್ಳೆಯ ಪದ ಸಿಗಲಿಲ್ಲವೇ ಎಂದು ಹೆಂಡತಿಗೆ ರೇಗುತ್ತಿತ್ತು. ಮೂವತ್ತು ವರ್ಷ ಅವನು ಬಾಯಿತುಂಬ ಆಡಿದ ಸುಳ್ಳೇ ಅದು. ಬಟ್ಟೆಗೆ ಕತ್ತರಿ ಸೋಕಿರುತ್ತಿರಲಿಲ್ಲ, ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, “ಆಯ್ತು, ಗುಂಡಿ ಹಾಕೋದೊಂದೇ ಬಾಕಿ” ಎನ್ನುತ್ತಿದ್ದ. ಬೀದಿಯವರು ಅವನನ್ನು ಆಯ್ತು ಟೈಲರ್ ಎಂದೇ ಕರೆಯುತ್ತಿದ್ದರು. ಗುಂಡಿ ಹಾಕುವವಳು ಹೆಂಡತಿಯಾದ್ದರಿಂದ ಬೈಗುಳದಲ್ಲಿ ಅರ್ಧ ಪಾಲು ಅವಳಿಗೆ ಸಿಗುತ್ತಿತ್ತು.

ಈಗ ಊಟಕ್ಕೂ ಆಯ್ತು, ನೋವಿಗೂ ಆಯ್ತು, ಬೇಡ ಎನ್ನುವುದಕ್ಕೂ ಆಯ್ತು. ಹತ್ತು ತಿಂಗಳಿಂದ ಅವಳು ಬರೀ ಅಂದಾಜಿನ ಮೇಲೆ ಸಂಸಾರ ಮಾಡುತ್ತಿದ್ದಳು.

ಮುಂದಿನ ವಾರ ಮಗಳ ಮದುವೆ. ಊರಿಗೆಲ್ಲ ಸೂಟು ಹೊಲಿದವನು ತನಗೆಂದು ಒಂದೇ ಒಂದು ಹೊಲಿದುಕೊಂಡಿದ್ದ. ಅದಕ್ಕೊಪ್ಪುವ ವಾಚು ಕಟ್ಟಬೇಕೆಂಬುದು ಹಳೆಯ ಆಸೆ. ಸೆಲ್ಲು ಹಾಕಿದ್ದು ವಾಚೇ ಅಲ್ಲ ಎಂದು ಜಂಬ ಬೇರೆ ಕೊಚ್ಚುತ್ತಿದ್ದ. ಅವನೇ ಆರಿಸಲಿ ಎಂದು ಹೆಂಡತಿ ಹಟ ಹಿಡಿದಳು. ಒಂದೇ ಒಂದು ಸಲ ‘ಇದು ಬೇಕು’ ಎಂದು ತಿಳಿಸಿಬಿಟ್ಟರೆ, ಆ ದೇಹದೊಳಗೆ ತನ್ನ ಗಂಡ ಇನ್ನೂ ಇದ್ದಾನೆ ಎಂಬ ಧೈರ್ಯ ಅವಳಿಗೆ ಬರುತ್ತಿತ್ತು. ಗಾಲಿಕುರ್ಚಿ ತಳ್ಳಿಕೊಂಡು ವಾಚಿನ ಅಂಗಡಿಗೆ ಬಂದಳು.

ಅಂಗಡಿಯವನು ತಟ್ಟೆಯಲ್ಲಿ ಎರಡು ವಾಚು ಇಟ್ಟ. “ಇದು ದಿನಾ ಕೀ ಕೊಡೋದಮ್ಮ. ತೆಳ್ಳಗಿದೆ, ಅಂಗಿ ತೋಳಿನೊಳಗೆ ನೀಟಾಗಿ ಜಾರುತ್ತೆ. ಇದು ಆಟೋಮ್ಯಾಟಿಕ್ಕು, ಸ್ವಲ್ಪ ದಪ್ಪ. ಕೈ ಆಡ್ತಾ ಇದ್ರೆ ತಾನೇ ಓಡುತ್ತೆ.”

ಅವಳು ಗಂಡನ ಎಡಗೈಗೆ ಎರಡನ್ನೂ ಕಟ್ಟಿ ನೋಡಿದಳು. ದಪ್ಪನೆಯದಕ್ಕೆ ತೋಳಿನ ಪಟ್ಟಿ ಸಿಕ್ಕಿಕೊಂಡಿತು. ಗುಂಡಿ ಕೊಂಚ ಸರಿಸಿದರೆ ಆದೀತು. ತೆಳ್ಳನೆಯದಕ್ಕೆ ಕೀ ಕೊಡಬೇಕಾದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಇರುವ ಚಾಕರಿಯ ಜೊತೆ ತಾನೇ ಅದನ್ನೂ ಮಾಡಬೇಕು.

“ರೀ, ಇದಾ?”

“ಆಯ್ತು.”

“ಇಲ್ಲಾ, ಇದಾ?”

“ಆಯ್ತು.”

“ಬಾಯಲ್ಲಿ ಬೇಡ, ಕೈಯಲ್ಲಿ ತೋರಿಸಿ.”

ಎಡಗೈ ಮೇಲೆದ್ದು ತಟ್ಟೆಯನ್ನೇ ಆಚೆಗೆ ತಳ್ಳಿತು.

ಅವಳ ಮುಖ ಅರಳಿತು. “ನೋಡಿದ್ರಾ? ಎರಡೂ ಹಿಡಿಸಿಲ್ಲ ಇವರಿಗೆ! ಇನ್ನೊಂದು ತೆಗೀರಿ. ಮೊದಲಿಂದಲೂ ಹೀಗೇ, ಸುಲಭಕ್ಕೆ ಒಪ್ಪೋ ಪೈಕಿ ಅಲ್ಲ.”

ಅಂಗಡಿಯವನು ಒಳಗೆ ಹುಡುಕತೊಡಗಿದ. ಗಂಡ ಅವಳ ತೋಳು ಹಿಡಿದೆಳೆದ. “ಆಯ್ತು! ಆಯ್ತು!”

“ಏನ್ರೀ ಅವಸರ? ಗಿರಾಕಿಗಳನ್ನ ಎಷ್ಟು ಅಲೆಸಿದ್ದೀರಿ, ಈಗ ನೀವೂ ಸ್ವಲ್ಪ ಕಾಯ್ರಿ.”

ಎಷ್ಟೋ ತಿಂಗಳಾದ ಮೇಲೆ ಅವಳು ಅವನನ್ನು ಚುಡಾಯಿಸಿದ್ದಳು. ಅಂಗಡಿಯವನೂ ನಕ್ಕ. ಗಂಡ ಮಾತ್ರ ನಗಲಿಲ್ಲ, ತಲೆ ತಗ್ಗಿಸಿದ. ಅವಳ ಕಣ್ಣೂ ಕೆಳಗೆ ಹೋಯಿತು. ಪ್ಯಾಂಟು ಒದ್ದೆಯಾಗಿತ್ತು, ಕುರ್ಚಿಯ ಕೆಳಗಿನ ನುಣುಪು ನೆಲದ ಮೇಲೆ ಸಣ್ಣಗೆ ಹರಿಯುತ್ತಿತ್ತು.

ಅಷ್ಟು ಹೊತ್ತೂ ಅವನು ಅದನ್ನೇ ಹೇಳುತ್ತಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಪದ ಅಕ್ಷರಶಃ ನಿಜವಾಗಿತ್ತು, ಆಗ ಅವಳು ಅವನಿಗೆ ಕಾಯಲು ಹೇಳಿ ನಗುತ್ತಿದ್ದಳು. ಅವಳಿಗೆ ನೆಲವೇ ಬಾಯಿಬಿಡಬಾರದೇ ಎನಿಸಿತು.

“ಪರವಾಗಿಲ್ಲ ಬಿಡಿಯಮ್ಮ, ನಾನು ಒರೆಸ್ತೀನಿ,” ಎಂದ ಅಂಗಡಿಯವನು, ವಾಚುಗಳನ್ನು ಎತ್ತಿಡುತ್ತ.

ಅವಳು ಕೂತು ಕರವಸ್ತ್ರದಿಂದ ಗಂಡನ ಕಾಲು ಒರೆಸಿದಳು. ನಾಚಿಕೆಯೋ ಸಂಕಟವೋ, ಅಭ್ಯಾಸದ ಮಾತೊಂದು ಬಾಯಿಂದ ಜಾರಿಬಿಟ್ಟಿತು.

“ಮೊದಲೇ ಹೇಳಬಾರದಿತ್ತೇನ್ರೀ?”

ಅವನು ಅವಳನ್ನು ನೋಡಿದ. ಬಾಯಿ ತೆರೆದ. ಇದ್ದ ಆ ಒಂದು ಪದವನ್ನೂ ಆಡದೆ ಮುಚ್ಚಿಕೊಂಡ.